ಭಾವನ ಕಂಪ್ಯೂಟರಿಗೆ ಹಾಕಿದ ನನ್ನ ಎಸ್ಎಸ್‌ಡಿ

ಬಾಗಲಗುಂಟೆಯಲ್ಲಿ ನಾವು ಕೆಳಗಿನ ಮನೆ, ಅಕ್ಕ ಭಾವ ಮೇಲಿನ ಮನೆ. ಎರಡೂ ಮನೆಯ ಕಂಪ್ಯೂಟರುಗಳು ಹಳೆಯವಾಗಿ, ಆನ್ ಮಾಡಿ ಕಾಫಿ ಕುಡಿದು ಬಂದರೂ ಏಳುತ್ತಿರಲಿಲ್ಲ. ಹಾರ್ಡ್‌ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕಿದರೆ ಓಡುತ್ತವೆ ಎಂದು ಕೇಳಿ ಒಂದು ಭಾನುವಾರ ಭಾವ, ನಾನು ಇಬ್ಬರೂ ಒಂದೊಂದು ಕೊಂಡು ತಂದೆವು. ಭಾವನದು ದುಬಾರಿಯದು, ನನ್ನದು ಅಗ್ಗದ್ದು.

“ಅಗ್ಗದ್ದು ಬಾಳಿಕೆ ಬರಲ್ಲ ಕಣಮ್ಮ,” ಎಂದು ಭಾವ ದಾರಿಯುದ್ದಕ್ಕೂ ಹೇಳಿದರು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಗುಣಮಟ್ಟ ನೋಡುವುದು ನನ್ನ ಕೆಲಸ. ಸ್ಕ್ರೂಡ್ರೈವರ್ ಹಿಡಿಯಲು ಬರುವವಳು ನಾನೊಬ್ಬಳೇ ಆದ್ದರಿಂದ ಎರಡನ್ನೂ ನಾನೇ ಜೋಡಿಸಬೇಕಾಯಿತು. ಭಾವ ಊಟಕ್ಕೆ ಎದ್ದರು. ನನಗೆ ತುಂಟತನ ಬಂತು. ನನ್ನದನ್ನು ಅವರ ಕಂಪ್ಯೂಟರಿಗೂ ಅವರದನ್ನು ನನ್ನದಕ್ಕೂ ಹಾಕಿಬಿಟ್ಟೆ. ನಾಲ್ಕು ದಿನ ಬಿಟ್ಟು ಹೇಳೋಣ ಅಂದುಕೊಂಡಿದ್ದೆ.

ಮರುದಿನವೇ ಯಾರದು ಮೊದಲು ಏಳುತ್ತದೆಂದು ಪಂದ್ಯ. ಅಕ್ಕ ಮೆಟ್ಟಿಲ ಮೇಲೆ ನಿಂತು “ಒತ್ತಿ” ಎಂದಳು. ಎರಡೂ ಹೆಚ್ಚುಕಮ್ಮಿ ಒಟ್ಟಿಗೇ ಎದ್ದವು. “ನಂದು ಕೂದಲೆಳೆಯಷ್ಟು ಮುಂದೆ. ದುಡ್ಡು ಕೊಟ್ಟಿದ್ದಕ್ಕೆ ಮೋಸ ಇಲ್ಲ,” ಎಂದರು ಭಾವ. ಅವರ ಮಗಳ ಭರತನಾಟ್ಯದ ವಿಡಿಯೊಗಳನ್ನೆಲ್ಲ ಎರಡಕ್ಕೂ ಕಾಪಿ ಮಾಡುವಾಗ ಮಾತ್ರ ಅವರದು ಅರ್ಧಕ್ಕೆ ಬಂದು ತೆವಳತೊಡಗಿತು. ನನ್ನದು ಆಗಲೇ ಮುಗಿಸಿ ಕೂತಿತ್ತು. ಭಾವ ಕೇಬಲನ್ನು ಬೈದರು. ನಾನು ತುಟಿ ಕಚ್ಚಿಕೊಂಡೆ. ಅವರ ಹೊಗಳಿಕೆ ಕೇಳಲು ಎಷ್ಟು ಸೊಗಸಾಗಿತ್ತೆಂದರೆ, ನಿಜ ಹೇಳುವ ದಿನವನ್ನು ಮುಂದೂಡುತ್ತಲೇ ಹೋದೆ.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನನ್ನ ಕಂಪ್ಯೂಟರ್ ಡಿಸ್ಕೇ ಇಲ್ಲ ಎಂದಿತು. ದುಬಾರಿಯದು ಸತ್ತಿತ್ತು. ಫೋಟೋಗಳ ನಕಲು ಬೇರೆ ಕಡೆ ಇತ್ತು, ಅದೊಂದು ಪುಣ್ಯ. ವಾರಂಟಿಯೂ ಇತ್ತು. ಆದರೆ ಬಿಲ್ಲು ಭಾವನ ಹೆಸರಿನಲ್ಲಿ, ಭಾವನ ಬೀರುವಿನಲ್ಲಿ.

ತಟ್ಟೆ ತುಂಬ ಕೋಡುಬಳೆ ತೆಗೆದುಕೊಂಡು ಮೇಲೆ ಹೋಗಿ ಎಲ್ಲ ಒಪ್ಪಿಕೊಂಡೆ. ಭಾವ ಎರಡು ಕೋಡುಬಳೆ ಮುಗಿಸಿ ಕೈ ಒರೆಸಿಕೊಂಡರು.

“ಅಂದ್ರೆ ಇಷ್ಟು ದಿನ ನಾನು ಹೊಗಳಿದ್ದು ನಿನ್ನ ಅಗ್ಗದ್ದನ್ನ?”

“ಹೂಂ ಭಾವ. ಅದನ್ನ ಬಿಚ್ಕೊಂಡು ಹೋಗ್ತೀನಿ. ಹೊಸದು ಬಂದಾಗ ನಿಮಗೆ ಹಾಕ್ಕೊಡ್ತೀನಿ.”

“ಏನೂ ಬೇಡ. ಓಡ್ತಿರೋದು ನನ್ ಹತ್ರಾನೇ ಇರ್ಲಿ. ಹೊಸದು ನೀನೇ ಇಟ್ಕೋ.”

ಅಡುಗೆಮನೆಯಲ್ಲಿ ಅಕ್ಕ ನಗುವುದು ಕೇಳಿಸಿತು.

ಅಂಗಡಿಗೆ ಇಬ್ಬರೂ ಹೋದೆವು. “ಅಗ್ಗದ್ದೇ ಗಟ್ಟಿ ಕಣ್ರೀ, ಮನೇಲಿ ಎರಡನ್ನೂ ಟೆಸ್ಟ್ ಮಾಡಿ ನೋಡಿದೀನಿ,” ಎಂದು ಭಾವ ಅಂಗಡಿಯವರಿಗೆ ಗಂಭೀರವಾಗಿ ಹೇಳಿದರು. ಒಂದೇ ಪೀಸ್ ನೋಡಿ ತೀರ್ಮಾನಕ್ಕೆ ಬರಬಾರದೆಂದು ಹೇಳಲು ಬಾಯಿ ತೆರೆದವಳು ಬಿಲ್ಲನ್ನು ಮುಂದೆ ಚಾಚಿದೆ.

ಹೊಸದು ಬರಲು ಹದಿನೈದು ದಿನ ಹಿಡಿಯಿತು. ಅಷ್ಟೂ ದಿನ ಇಮೇಲ್ ನೋಡಬೇಕಾದಾಗಲೆಲ್ಲ ಮೆಟ್ಟಿಲು ಹತ್ತಿ ಹೋಗಿ, ನಾನೇ ಕೊಂಡ ಎಸ್ಎಸ್‌ಡಿಯ ಮುಂದೆ ಕೂರಲು ಭಾವನ ಅಪ್ಪಣೆ ಕೇಳುತ್ತಿದ್ದೆ. ಅವರು ಪ್ರತಿ ಸಲವೂ ಸ್ವಲ್ಪ ಯೋಚಿಸಿಯೇ ಕೊಡುತ್ತಿದ್ದರು.