ಅಸದುಲ್ಲಾ ಬಿಚ್ಚದ ತಿರುಪು

ಹಳೆಯ ಲ್ಯಾಪ್‌ಟಾಪಿಗೆ ನೆಟ್‌ವರ್ಕ್ ಕಾರ್ಡ್ ಕೂಡಿಸುವುದೆಂದರೆ ಹಟಮಾರಿ ಅತ್ತೆಗೆ ಹೊಸ ಸೊಸೆಯನ್ನು ಒಪ್ಪಿಸಿದ ಹಾಗೆ. ದೊಡ್ಡಬಳ್ಳಾಪುರದ ಅಸದುಲ್ಲಾ ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡಿಕೊಂಡು ಬಂದವನು. ಅಲ್ಲಿನ ಕೆಲವು ನೇಕಾರರ ಮನೆಗಳಲ್ಲಿ ಸೀರೆಯ ಡಿಸೈನ್ ಬರೆಯುವ ಲ್ಯಾಪ್‌ಟಾಪುಗಳು ಇನ್ನೂ ವಿಂಡೋಸ್ ನೈಂಟಿ ಏಟ್‌ನಲ್ಲೇ ನಡೆಯುತ್ತವೆ. ಪೆನ್‌ಡ್ರೈವ್ ಚುಚ್ಚಿದರೆ ಗುರುತು ಹಿಡಿಯುವುದಿಲ್ಲ. ಪಕ್ಕದ ಸೀಳಿಗೆ ಕಾರ್ಡ್ ತೂರಿಸಿ, ಅದಕ್ಕೊಪ್ಪುವ ಡ್ರೈವರನ್ನು ಸಿ.ಡಿ.ಯಿಂದ ಹಾಕಿ, ಇನ್ನೊಂದು ಕಂಪ್ಯೂಟರಿಗೆ ತಂತಿ ಎಳೆದು ಫೈಲುಗಳನ್ನು ದಾಟಿಸಬೇಕು. ಬಿಚ್ಚದೆ ಸರಿಮಾಡುವವನು ಎಂದು ಅಸದುಲ್ಲಾನಿಗೆ ಹೆಸರಿತ್ತು. ಆ ಹೆಸರು ತಲೆಗೂ ಏರಿತ್ತು, ಸುಳ್ಳೇಕೆ ಹೇಳಬೇಕು?

ಕಳೆದ ಶ್ರಾವಣದಲ್ಲಿ ಪ್ರಮೋದಾ ಬಂದಳು. ಅವಳ ಗಂಡ ಮುನಿಕೃಷ್ಣ ಅಸದುಲ್ಲಾನ ಗೆಳೆಯ. ಎದೆನೋವೆಂದು ಮಲಗಿದವನು ಏಳಲೇ ಇಲ್ಲ; ತೀರಿಕೊಂಡು ಮೂರು ತಿಂಗಳಾಗಿತ್ತು. ಮಗಳು ಅರ್ಪಿತಳ ಧಾರೆ ಸೀರೆಗೆಂದು ಅವನು ಬರೆದ ಸೆರಗಿನ ಡಿಸೈನ್ ಆ ಲ್ಯಾಪ್‌ಟಾಪಿನಲ್ಲಿತ್ತು. ಬೇರೆಲ್ಲೂ ಇರಲಿಲ್ಲ; ಅದನ್ನು ಹೊರತೆಗೆದು ಕೊಡಬೇಕಿತ್ತು.

"ಅಣ್ಣಾ, ಬಿಚ್ಬೇಡಿ. ಆಯುಧಪೂಜೇಲಿ ಅವ್ರೇ ಇಟ್ಟಿದ್ದು" ಎಂದು ಲ್ಯಾಪ್‌ಟಾಪನ್ನು ಮಗುಚಿ ತೋರಿಸಿದಳು. ಮಗ್ಗದ ಒಂದೊಂದು ಭಾಗಕ್ಕೂ ಬೊಟ್ಟಿಟ್ಟು ಅಭ್ಯಾಸವಾದ ಮುನಿಕೃಷ್ಣನ ಕೈ, ಅಡಿಯ ಪ್ರತಿ ತಿರುಪಿನ ತಲೆಗೂ ಕುಂಕುಮ ಇಟ್ಟಿತ್ತು.

"ಬಿಚ್ಚಲ್ಲ ತಂಗಿ. ನಾಳೆ ಸಂಜೆ ಬಾ."

ಆನ್ ಮಾಡುತ್ತಲೇ ಡಿಸ್ಕ್ ಕಟಕಟ ಎಂದಿತು. ಅದು ಸಾಯುವ ಡಿಸ್ಕಿನ ಸದ್ದು. ಬೇರೆ ಯಾರು ತಂದಿದ್ದರೂ ಅಸದುಲ್ಲಾ ಮೊದಲು ಡಿಸ್ಕ್ ತೆಗೆದು ನಕಲು ಮಾಡಿಕೊಳ್ಳುತ್ತಿದ್ದ. ಒಂದು ತಿರುಪು ಬಿಚ್ಚಿದರೆ ಸಾಕಿತ್ತು. ಹೆಂಡತಿ ಜಾಹಿದಾ ಕೂಡ, ಬಿಚ್ಚಲೇ ಎಂದು ಪ್ರಮೋದಾಳಿಗೊಂದು ಫೋನ್ ಮಾಡಿ ಕೇಳಬಾರದೇ ಎಂದಳು. ಅವನು ಕೈಯಾಡಿಸಿ ಸುಮ್ಮನಾಗಿಸಿದ. ಗೆಳೆಯನ ಮೇಲಿನ ಪ್ರೀತಿ ಎಷ್ಟು, ತನ್ನ ಹೆಸರಿನ ಮೋಹ ಎಷ್ಟು, ದೇವರೇ ಬಲ್ಲ.

ಸೀಳಿನೊಳಗೂ ಕುಂಕುಮ ಸೇರಿತ್ತು. ಬ್ರಷ್ಷಿನಿಂದ ಕೊಡವಿ ತೆಗೆದ. ಮೊದಲ ಕಾರ್ಡನ್ನು ಯಂತ್ರ ಒಪ್ಪಲಿಲ್ಲ. ಎರಡನೆಯದಕ್ಕೆ ಡ್ರೈವರ್ ಹೊಂದಲಿಲ್ಲ. ಏನು ಬದಲಿಸಿದರೂ ಆರಿಸಿ ಮತ್ತೆ ಹೊತ್ತಿಸು ಎನ್ನುವ ವಿಂಡೋಸ್ ಅದು. ಹೊತ್ತಿಸಿದಾಗಲೆಲ್ಲ ಕಟಕಟ ಹೆಚ್ಚಾಯಿತು. ಒಂಬತ್ತನೆಯ ಸಲ ನಿಲ್ಲಿಸಿಬಿಡಬೇಕೆಂದುಕೊಂಡ. ನಿಲ್ಲಿಸಲಿಲ್ಲ.

ಮರುದಿನ ಸಂಜೆ, ಹನ್ನೊಂದನೆಯ ಸಲಕ್ಕೆ, ಕಾರ್ಡಿನ ಹಸಿರು ದೀಪ ಹೊತ್ತಿತು. ಪಕ್ಕದ ಕಂಪ್ಯೂಟರಿನಲ್ಲಿ ಮುನಿಕೃಷ್ಣನ ಫೈಲುಗಳ ಹೆಸರು ಸಾಲಾಗಿ ಮೂಡಿದವು; ಕೊನೆಯದು ಅರ್ಪಿತ. ಖುಷಿಗೆ ಅಸದುಲ್ಲಾನ ಕಣ್ಣು ತುಂಬಿ ಬಂತು. ಅದನ್ನೇ ಮೊದಲು ನಕಲು ಮಾಡಲು ಒತ್ತಿದ. ಡಿಸ್ಕ್ ಕರಕರ ಕೆರೆದುಕೊಂಡು ತಿರುಗುವುದನ್ನೇ ನಿಲ್ಲಿಸಿತು. ಒಂದು ಎಳೆಯೂ ಈಚೆ ಬರಲಿಲ್ಲ.

ಪ್ರಮೋದಾ ಬಂದಾಗ ಅವನು ತಲೆಯ ಮೇಲೆ ಕೈಹೊತ್ತು ಕೂತಿದ್ದ. ಅವಳ ಕಣ್ಣಿಗೆ ಬಿದ್ದದ್ದು ಹಸಿರು ದೀಪ.

"ಜೀವ ಬಂತಾ ಅಣ್ಣಾ?"

"ಇಲ್ಲ ತಂಗಿ. ಎಲ್ಲಾ ಹೋಯ್ತು. ನಿನ್ನೇನೇ ಬಿಚ್ಚಿದ್ರೆ ಉಳೀತಿತ್ತೇನೋ. ಗೊತ್ತಿದ್ದೂ ಬಿಚ್ಚಲಿಲ್ಲ ನಾನು."

ಅವಳು ಲ್ಯಾಪ್‌ಟಾಪನ್ನು ಮಗುಚಿದಳು.

"ಯಾವ ತಿರುಪು?"

ಅಸದುಲ್ಲಾ ತೋರಿಸಿದ.

"ಒಂದ್ ಮಾತು ಕೇಳಿದ್ರೆ ನಾನೇ ಒರೆಸಿಕೊಡ್ತಿದ್ನಲ್ಲಣ್ಣಾ" ಎಂದು ಪ್ರಮೋದಾ ಸೆರಗಿನ ತುದಿಯಿಂದ ಆ ಕುಂಕುಮವನ್ನು ಒರೆಸಿದಳು.