ಓಹಾಯೊದ ಹೆಂಗಸಿನ ಹೆಸರಿನಲ್ಲಿ

ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಗೊಬ್ಬರದಂಗಡಿಯೊಂದರ ಮೇಲಿನ ಮಹಡಿಯಲ್ಲಿ ವಾಣಿಶ್ರೀ ಮೂರು ವರ್ಷ ಕೆಲಸ ಮಾಡಿದಳು. ಕೆಳಗೆ ಯೂರಿಯಾ ಲಾರಿ ಬಂದು ನಿಂತರೆ ಮೇಲಿನ ಕಿಟಕಿಯ ಗಾಜು ಅದುರುತ್ತಿತ್ತು. ಏಳು ಕಂಪ್ಯೂಟರು, ಏಳು ಜನ ಹೆಣ್ಣುಮಕ್ಕಳು. ಹೊರಗೆ ಬೋರ್ಡು ಇರಲಿಲ್ಲ. ಮನೆಯವರು ಕೇಳಿದರೆ ಡೇಟಾ ಎಂಟ್ರಿ ಅನ್ನಿ ಎಂದು ಮಾಲೀಕ ರಾಜಕುಮಾರ್ ಮೊದಲ ದಿನವೇ ಹೇಳಿಕೊಟ್ಟಿದ್ದ. ಮೆಕ್ಕೆಜೋಳದ ವ್ಯಾಪಾರ ಮಾಡುವ ಗಂಡ ಚನ್ನೇಶನಿಗೂ, ಅತ್ತೆ ವೀರಮ್ಮನಿಗೂ ಅವಳು ಹಾಗೆಯೇ ಹೇಳಿದ್ದಳು.

ಕೆಲಸ ಬೇರೆಯೇ ಇತ್ತು. ಅಮೆರಿಕದಲ್ಲಿ ಜನರ ಅಭಿಪ್ರಾಯ ಸಂಗ್ರಹಿಸುವ ಕಂಪನಿಗಳಿವೆ. ಗರ್ಭಪಾತಕ್ಕೆ ಕಾನೂನಿನ ಅನುಮತಿ ಇರಬೇಕೋ ಬೇಡವೋ, ಬಂದೂಕನ್ನು ಯಾರು ಬೇಕಾದರೂ ಕೊಳ್ಳಬಹುದೋ, ಗಡಿ ದಾಟಿ ಬಂದವರನ್ನು ಏನು ಮಾಡಬೇಕು, ಆಸ್ಪತ್ರೆಯ ಖರ್ಚನ್ನು ಸರ್ಕಾರ ಹೊರಬೇಕೋ ಎಂದು ಅವು ಇಂಟರ್‌ನೆಟ್ಟಿನಲ್ಲಿ ಪ್ರಶ್ನೆ ಕಳಿಸುತ್ತವೆ, ಉತ್ತರಕ್ಕೆ ಇಷ್ಟೆಂದು ಹಣ ಕೊಡುತ್ತವೆ. ಅಲ್ಲಿ ಅಣ್ಣತಮ್ಮಂದಿರು ಮಾತು ಬಿಡುವುದಕ್ಕೆ ಸಾಕಾಗುವಂಥ ಪ್ರಶ್ನೆಗಳು ಅವು. ಉತ್ತರ ಕೊಡಬೇಕಾದವರು ಅಲ್ಲಿನ ಪ್ರಜೆಗಳು. ಅವರ ಹೆಸರಿನಲ್ಲಿ ಉತ್ತರ ಕೊಡುತ್ತಿದ್ದವರು ಇವರು.

ಒಬ್ಬೊಬ್ಬರಿಗೂ ನಾಲ್ಕೈದು ಸುಳ್ಳು ಮನುಷ್ಯರನ್ನು ಹಂಚಲಾಗಿತ್ತು. ವಾಣಿಶ್ರೀಯ ಪಾಲಿಗೆ ಬಂದವರಲ್ಲಿ ಇಬ್ಬರು ಮುಖ್ಯ. ಒಬ್ಬಳು ಓಹಾಯೊ ರಾಜ್ಯದ ಡೊರೊತಿ, ಐವತ್ತೆಂಟು ವರ್ಷ, ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು, ವಿಧವೆ. ಇನ್ನೊಬ್ಬಳು ಅಲಬಾಮದ ಮಾರ್ಸಿ, ನಲವತ್ತೊಂದು ವರ್ಷ, ಮೂರು ಮಕ್ಕಳ ತಾಯಿ, ಭಾನುವಾರ ಚರ್ಚು ತಪ್ಪಿಸದವಳು. ಡೊರೊತಿಗೆ ಗರ್ಭಪಾತದ ಹಕ್ಕು ಬೇಕು, ಮಾರ್ಸಿಗೆ ಬೇಡ. ಡೊರೊತಿ ಬಂದೂಕಿಗೆ ಕಡಿವಾಣ ಕೇಳುತ್ತಾಳೆ, ಮಾರ್ಸಿ ಅದು ಮನೆಯ ರಕ್ಷಣೆಗೆ ಎನ್ನುತ್ತಾಳೆ. ಒಬ್ಬಳ ಮಾತು ಇನ್ನೊಬ್ಬಳ ಬಾಯಲ್ಲಿ ಬರಬಾರದು, ಅಷ್ಟೇ ನಿಯಮ.

ವಾಣಿಶ್ರೀಗೆ ಆ ಕೆಲಸ ಇಷ್ಟವಾಗಿತ್ತು. ಹೇಳಿಕೊಳ್ಳಲು ನಾಚಿಕೆಯಾದರೂ ಅದು ನಿಜ. ರಾಜ್ಯಶಾಸ್ತ್ರ ಓದಿ ಬಿ.ಎ. ಮುಗಿಸಿದವಳು, ಓದಿದ್ದನ್ನು ಯಾರೂ ಕೇಳಿರಲಿಲ್ಲ. ಇಲ್ಲಿ ದಿನವೂ ಯಾರೋ "ನಿಮ್ಮ ಅಭಿಪ್ರಾಯವೇನು?" ಎಂದು ಕೇಳುತ್ತಿದ್ದರು. ಬಂದೂಕಿನ ಪ್ರಶ್ನೆ ಬಂದಾಗಲೆಲ್ಲ ಅವಳಿಗೆ ತನ್ನ ಅಪ್ಪ ಹುಚ್ಚರಾಯಪ್ಪ ನೆನಪಾಗುತ್ತಿದ್ದ. ಕಾಡುಹಂದಿಯಿಂದ ಬೆಳೆ ಕಾಯಲು ಅವನಿಗೆ ಲೈಸೆನ್ಸಿನ ಒಂಟಿ ನಳಿಗೆಯ ಕೋವಿ ಇತ್ತು. ಪ್ರತಿ ಚುನಾವಣೆಗೆ ಮೊದಲು ಅದನ್ನು ಗೋಣಿತಾಟಿನಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ, ರಸೀದಿ ತಂದು ದೇವರ ಗೂಡಿನಲ್ಲಿ ಇಡುತ್ತಿದ್ದ. ಕೋವಿ ಒಪ್ಪಿಸಿದರೆ ಅಪ್ಪನ ಮರ್ಯಾದೆ ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ವಾರ ಹಂದಿ ನುಗ್ಗಿದರೆ ಅಪ್ಪ ಬಾಯಿಗೆ ಬಂದಂತೆ ಬೈಯುತ್ತಾನೆ ಎಂಬುದೂ ಗೊತ್ತಿತ್ತು. ಅದನ್ನು ಬರೆಯಲು ಜಾಗವಿರಲಿಲ್ಲ. ಡೊರೊತಿಗೆ ಒಂದು ಗುರುತು, ಮಾರ್ಸಿಗೆ ಒಂದು ಗುರುತು ಹಾಕಿ ಮುಂದೆ ಹೋಗುತ್ತಿದ್ದಳು.

ಮೂರನೆಯ ವರ್ಷ ಆ ಕಂಪನಿಗಳು ಚುರುಕಾದವು. ಬರೀ ಗುರುತು ಹಾಕಿದರೆ ಸಾಲದು, ಸ್ವಂತ ಮಾತಿನಲ್ಲಿ ಬರೆಯಿರಿ ಎಂದು ಕೇಳತೊಡಗಿದವು. ಎಐ ಯಂತ್ರದ ಕೈಲಿ ಬರೆಸಿದ್ದನ್ನು ಆ ಕಂಪನಿಗಳ ಯಂತ್ರವೇ ಹಿಡಿದು ವಾಪಸ್ ಕಳಿಸುತ್ತಿತ್ತು. ರಾಜಕುಮಾರ್ ಒಂದು ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಹೇಳಿದ. "ನೋಡ್ರಮ್ಮ, ಅನುಭವ ಬೇಕಂತೆ ಅವರಿಗೆ. ನಿಮ್ಮ ಮನೇದೋ, ಪಕ್ಕದ ಮನೇದೋ, ಯಾರ್ದಾದ್ರೂ ಹಾಕ್ರಿ. ಊರ ಹೆಸರು ಬದಲಾಯಿಸಿದ್ರೆ ಆಯ್ತು."

ಅದೇ ವಾರ ಗರ್ಭಪಾತದ ಬಗ್ಗೆ ದೊಡ್ಡ ಸಮೀಕ್ಷೆ ಬಂತು. ಕೊನೆಯ ಪ್ರಶ್ನೆ, "ಈ ಅಭಿಪ್ರಾಯಕ್ಕೆ ನೀವು ಹೇಗೆ ಬಂದಿರಿ? ನಿಮಗೆ ಅಥವಾ ನಿಮ್ಮ ಆಪ್ತರಿಗೆ ಆದದ್ದನ್ನು ಬರೆಯಿರಿ."

ವಾಣಿಶ್ರೀಗೆ ಗೊತ್ತಿದ್ದದ್ದು ಒಂದೇ ಅನುಭವ. ಅದು ಅವಳ ದೊಡ್ಡಮ್ಮನ ಮಗಳು ಪ್ರಮೀಳಾಳದು.

ಪ್ರಮೀಳಾ ಅವಳಿಗಿಂತ ನಾಲ್ಕು ವರ್ಷ ದೊಡ್ಡವಳು. ಸೊರಬದಲ್ಲಿ ಹೊಲಿಗೆ ತರಗತಿ ನಡೆಸುತ್ತಾಳೆ. ಗಂಡ ಮಲ್ಲಿಕಾರ್ಜುನ್ ಸಹಕಾರಿ ಸಂಘದಲ್ಲಿ ಗುಮಾಸ್ತ. ಐದು ವರ್ಷದ ಹಿಂದೆ, ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ಮಗುವಿಗೆ ತಲೆಬುರುಡೆಯೇ ಬೆಳೆದಿಲ್ಲವೆಂದು ಗೊತ್ತಾಯಿತು. ಹುಟ್ಟಿದರೂ ಉಳಿಯುವುದಿಲ್ಲ ಎಂದರು ಶಿವಮೊಗ್ಗದ ಡಾಕ್ಟರು. ಗಂಡಹೆಂಡಿರು ಒಂದು ರಾತ್ರಿ ಯೋಚಿಸಿ ಗರ್ಭ ತೆಗೆಸಲು ಒಪ್ಪಿದರು. ಅತ್ತೆ ದುರ್ಗಮ್ಮನಿಗೆ ಮಗು ಹೊಟ್ಟೆಯಲ್ಲೇ ತೀರಿಕೊಂಡಿತೆಂದು ಹೇಳಿದರು. ಆಸ್ಪತ್ರೆಯಲ್ಲಿ ಜೊತೆಗೆ ನಿಂತವಳು ವಾಣಿಶ್ರೀ ಒಬ್ಬಳೇ. ಪ್ರಮೀಳಾ ಮಗುವಿಗಾಗಿ ಮೊದಲೇ ಒಂದು ಕುಲಾವಿ ಹೊಲಿದಿಟ್ಟಿದ್ದಳು. ಹಸಿರು ಬಟ್ಟೆ, ಕೆಂಪು ಅಂಚು, ಕಿವಿ ಮುಚ್ಚುವ ಪಟ್ಟಿ. ಅದನ್ನು ನರ್ಸಿನ ಕೈಗೆ ಕೊಟ್ಟು, "ತಲೆ ಕಾಣದಂಗೆ ಹಾಕ್ರಿ, ಮುಖ ಮಾತ್ರ ನೋಡ್ತೀನಿ" ಎಂದಿದ್ದಳು. ನೋಡಿದಳು. ಆಮೇಲೆ ವಾಣಿಶ್ರೀಯ ಕೈ ಹಿಡಿದು, "ಇದು ನಿನ್ನ ಹೊಟ್ಟೇಲಿರ್ಲಿ ಕಣೇ" ಎಂದಳು.

ಐದು ವರ್ಷ ಅದು ಹೊಟ್ಟೆಯಲ್ಲೇ ಇತ್ತು. ಆ ಮಧ್ಯಾಹ್ನ ಓಹಾಯೊದ ಡೊರೊತಿಯ ಹೆಸರಿನಲ್ಲಿ ಅವಳು ಅದನ್ನು ಇಂಗ್ಲಿಷಿನಲ್ಲಿ ಬರೆದಳು. ಬರೆಯುತ್ತಾ ಕಣ್ಣು ತುಂಬಿ ಬಂತು. ಆ ಕಣ್ಣೀರಿನಿಂದಲೇ, ತಾನು ಮಾಡುತ್ತಿರುವುದು ತಪ್ಪಲ್ಲ ಎಂದು ಅವಳಿಗೆ ಅನ್ನಿಸಿತು. ಕುಲಾವಿಯನ್ನು ಸಣ್ಣ ಟೋಪಿ ಎಂದು ಮಾಡಿದಳು. ಬಣ್ಣ ಹಾಗೆಯೇ ಬಿಟ್ಟಳು. ಕೊನೆಗೆ, "ಈ ನಿರ್ಧಾರ ನಮ್ಮದಾಗಿತ್ತು, ಅದನ್ನು ಯಾರೂ ಕಿತ್ತುಕೊಳ್ಳಬಾರದು" ಎಂದು ಸೇರಿಸಿದಳು. ಉತ್ತರಕ್ಕೆ ಅತ್ಯುತ್ತಮ ದರ್ಜೆ ಸಿಕ್ಕಿತು.

ಎರಡು ದಿನಕ್ಕೆ ಅದೇ ಸಮೀಕ್ಷೆ ಅಲಬಾಮದ ಮಾರ್ಸಿಯ ಪಾಲಿಗೂ ಬಂತು. ಬೇರೆ ಅನುಭವ ಅವಳಲ್ಲಿರಲಿಲ್ಲ. ಅದೇ ಆಸ್ಪತ್ರೆ, ಅದೇ ನರ್ಸು, ಅದೇ ಹಸಿರು ಟೋಪಿ. ಕೊನೆ ಮಾತ್ರ ತಿರುಗಿಸಿದಳು. "ನಾನು ಪಾಪ ಮಾಡಿದೆ. ದಿನವೂ ದೇವರಲ್ಲಿ ಕ್ಷಮೆ ಬೇಡುತ್ತೇನೆ. ನನ್ನಂತೆ ಯಾರೂ ಮಾಡದಿರಲಿ, ಕಾನೂನು ಅದನ್ನು ತಡೆಯಲಿ." ಈ ಸಲ ಕಣ್ಣು ತುಂಬಲಿಲ್ಲ. ಕಾಲು ಗಂಟೆಯಲ್ಲಿ ಮುಗಿಸಿ ಊಟದ ಡಬ್ಬಿ ಬಿಚ್ಚಿದಳು.

ರಾಜಕುಮಾರ್‌ಗೆ ಖುಷಿಯೋ ಖುಷಿ. ಎರಡನ್ನೂ ಪ್ರಿಂಟ್ ತೆಗೆದು, ಹೊಸಬರಿಗೆ ಮಾದರಿಯೆಂದು ಗೋಡೆಗೆ ಅಂಟಿಸಿದ. "ಒಂದೇ ಸರಕು, ಎರಡು ಕಡೆ ಹೆಂಗೆ ಮಾರ್ಯಾಳ ನೋಡ್ರಿ ನಮ್ಮ ವಾಣಿ!" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಹೊಸಬರಲ್ಲಿ ತೃಪ್ತಿ ಎಂಬ ಹುಡುಗಿಯಿದ್ದಳು. ಬಿ.ಕಾಂ. ಮುಗಿಸಿದ್ದ ಅವಳು ಮಲ್ಲಿಕಾರ್ಜುನನ ತಂಗಿ, ಪ್ರಮೀಳಾಳ ನಾದಿನಿ. ಪ್ರಮೀಳಾಳೇ ಫೋನು ಮಾಡಿ, "ನಮ್ಮ ತೃಪ್ತಿಗೊಂದು ಕೆಲ್ಸ ನೋಡೇ" ಎಂದು ಕೇಳಿದ್ದಳು, ವಾಣಿಶ್ರೀಯೇ ಸೇರಿಸಿದ್ದಳು. ಗೋಡೆಗೆ ಕಾಗದ ಅಂಟಿಸಿದ ಮೇಲೆ ವಾಣಿಶ್ರೀಗೆ ಆ ಹುಡುಗಿಯ ನೆನಪೇ ಆಗಲಿಲ್ಲ ಎಂದರೆ ಯಾರೂ ನಂಬಲಾರರು. ಆದರೆ ಅದು ಹಾಗೆಯೇ ಆಯಿತು.

ಮೂರನೆಯ ದಿನ ತೃಪ್ತಿ ಅವಳ ಕುರ್ಚಿಯ ಪಕ್ಕ ಬಂದು ನಿಂತಳು. "ವಾಣಿಯಕ್ಕ, ಆ ಗೋಡೇದು ನೀವು ಬರ್ದಿದ್ದಾ?"

"ಹೂಂ, ಯಾಕೆ?"

"ಹಸಿರು ಬಟ್ಟೆ, ಕೆಂಪು ಅಂಚು. ಅದು ನನ್ನ ಲಂಗದ ಬಟ್ಟೆ ಅಕ್ಕ. ಅತ್ತಿಗೆ ನನ್ನ ಕೇಳಿ ಇಸ್ಕೊಂಡಿದ್ರು."

ವಾಣಿಶ್ರೀ ಪರದೆಯಿಂದ ಕಣ್ಣು ತೆಗೆಯದೆ, "ಏ, ಅದೆಲ್ಲ ಇಂಟರ್‌ನೆಟ್‌ನಾಗೆ ಸಿಕ್ಕಿದ್ದು" ಎಂದುಬಿಟ್ಟಳು.

ತೃಪ್ತಿ ತನ್ನ ಜಾಗಕ್ಕೆ ಹೋದಳು. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ವಾಣಿಶ್ರೀ ಗೋಡೆಯ ಕಾಗದಗಳನ್ನು ಕಿತ್ತು ಚೀಲದಲ್ಲಿ ಹಾಕಿಕೊಂಡಳು. ಪ್ರಮೀಳಾಳ ಫೋನು ಬರಬಹುದೆಂದು ಒಂದು ವಾರ ಕಾದಳು. ಬರಲಿಲ್ಲ. ಫೋನು ಬರದಿರುವುದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು. ಎಂಟನೆಯ ದಿನ ರಜೆ ಹೇಳಿ ಸೊರಬದ ಬಸ್ಸು ಹತ್ತಿದಳು.

ಹೊಲಿಗೆ ಕಲಿಯುವವರು ಊಟಕ್ಕೆ ಹೋಗಿದ್ದ ಹೊತ್ತು. ಪ್ರಮೀಳಾ ಒಬ್ಬಳೇ ಮಿಷನ್ನಿನ ಮುಂದೆ ಕೂತು ಬಾಬಿನ್ನಿಗೆ ದಾರ ಸುತ್ತುತ್ತಿದ್ದಳು.

"ತೃಪ್ತಿ ಹೇಳಿದ್ಲಾ?" ಎಂದಳು ವಾಣಿಶ್ರೀ.

"ಕೇಳಿದ್ಲು. ಅಲ್ಲ ಅನ್ನಕ್ಕೆ ಬರ್ಲಿಲ್ಲ ನಂಗೆ. ಅತ್ತೆಗೆ ಹೇಳಲ್ಲ ಅಂದಿದಾಳೆ. ಹುಡುಗಿ ಒಳ್ಳೇವ್ಳು." ಪ್ರಮೀಳಾ ಇನ್ನೊಂದು ಬಾಬಿನ್ ತೆಗೆದುಕೊಂಡು ಕೇಳಿದಳು. "ಕಾಗದ ತಂದಿದ್ಯಾ?"

"ತಂದೀನಿ."

"ಓದು. ಕನ್ನಡದಲ್ಲಿ ಓದು. ನಂಗೆ ಅಷ್ಟು ಇಂಗ್ಲಿಷು ಬರಲ್ಲ."

ವಾಣಿಶ್ರೀ ಕಾಗದ ಬಿಚ್ಚಿ ಡೊರೊತಿಯದನ್ನು ಓದಿದಳು. ಪ್ರಮೀಳಾ ದಾರ ಸುತ್ತುವುದನ್ನು ನಿಲ್ಲಿಸಲಿಲ್ಲ. ಮುಖ ನೋಡುವ ಭಾಗ ಬಂದಾಗ ಮಾತ್ರ ಕೈ ಒಂದು ಕ್ಷಣ ನಿಂತಿತು.

"ಇನ್ನೊಂದು?"

"ಅದು ಬ್ಯಾಡ ಅಕ್ಕಾ."

"ಓದು ಅಂದ್ನಲ್ಲ."

ಅವಳು ಓದಿದಳು. ಕೊನೆಯ ಸಾಲುಗಳಿಗೆ ಬಂದಾಗ ದನಿ ಎಷ್ಟು ಸಣ್ಣದಾಯಿತೆಂದರೆ ಪ್ರಮೀಳಾ, "ಕೇಳ್ಸ್ಲಿಲ್ಲ, ಇನ್ನೊಂದ್ಸಲ" ಎಂದಳು. ಪಾಪ ಮಾಡಿದೆ, ಕ್ಷಮೆ ಬೇಡುತ್ತೇನೆ ಎಂಬ ಮಾತುಗಳನ್ನು ವಾಣಿಶ್ರೀ ಅವಳೆದುರು ಎರಡು ಸಲ ಓದಬೇಕಾಯಿತು.

"ನಾನು ಪಾಪ ಮಾಡಿದೆ ಅಂತ ನಿಂಗೆ ಯಾವಾಗ ಹೇಳಿದ್ದೆ?"

"ಹೇಳಿಲ್ಲ."

"ಮತ್ತೆ, ಕಿತ್ಕೋಬಾರ್ದು ಅದೂ ಇದೂ ಅಂತ ಮೊದ್ಲಿನ್ದರಲ್ಲಿ ಐತಲ್ಲ, ಅದನ್ನಾದ್ರೂ ಹೇಳಿದ್ನಾ?"

"ಇಲ್ಲ ಅಕ್ಕಾ."

"ಐದು ವರ್ಷದಲ್ಲಿ ಒಂದು ಸಲನಾದ್ರೂ ನನ್ನ ಕೇಳಿದ್ಯೇನೇ, ಅಕ್ಕಾ ನಿಂಗೆ ಏನನ್ಸುತ್ತೆ ಅಂತ?"

ವಾಣಿಶ್ರೀ ಕೇಳಿರಲಿಲ್ಲ. ನೋವಾದೀತೆಂದು ಕೇಳಲಿಲ್ಲ ಎಂದು ಹೇಳಬಹುದಿತ್ತು. ಅದು ಅರ್ಧ ಮಾತ್ರ ನಿಜವೆಂದು ಅವಳಿಗೇ ಗೊತ್ತಿದ್ದರಿಂದ ಹೇಳಲಿಲ್ಲ.

ಪ್ರಮೀಳಾಳೇ ಹೇಳಿದಳು. "ನಾಳೆ ಅಂಥದೇ ಬಂದ್ರೆ ಅದನ್ನೇ ಮಾಡ್ತೀನಿ. ಆದ್ರೂ ಆ ತಾರೀಖು ಬಂತಂದ್ರೆ ಮಿಷನ್ ತುಳಿಯಕ್ಕೆ ಕಾಲು ಬರಲ್ಲ. ಇಷ್ಟೇ ನಂದು. ಇದನ್ನ ಯಾವ ಊರ ಜನಕ್ಕೂ ಲೆಕ್ಕಕ್ಕೆ ಹಾಕ್ಕೊಳ್ಳಿ ಅಂತ ನಾನು ಕೊಟ್ಟಿರ್ಲಿಲ್ಲ." ಅಷ್ಟರಲ್ಲಿ ಹುಡುಗಿಯರು ಊಟ ಮುಗಿಸಿ ಬಂದರು. ಪ್ರಮೀಳಾ ಕಾಗದ ಎರಡನ್ನೂ ಇಸಿದುಕೊಂಡು, ಮಡಿಸಿ, ಡ್ರಾಯರಿನಲ್ಲಿಟ್ಟಳು. "ನಾಲ್ಕೂವರೆಗೆ ಬಸ್ಸೈತೆ" ಎಂದಳು.

ಮರುದಿನ ವಾಣಿಶ್ರೀ ರಾಜಕುಮಾರನಿಗೆ ಆ ಉತ್ತರಗಳನ್ನು ವಾಪಸ್ ತೆಗೆಸಬೇಕೆಂದಳು. ಅವನು ಅವಳನ್ನೇ ನೋಡಿದ. "ಹೋದದ್ದು ಹೋತಮ್ಮ. ಸಾವಿರಗಟ್ಟಲೆ ಜನದ್ರಾಗೆ ಎಲ್ಲೋ ಸೇರಿ ಹೋಗಿರ್ತತಿ. ಅಮೆರಿಕದೋರು ಬಂದು ಸೊರಬದಾಗೆ ಹುಡುಕ್ತಾರೇನು?"

ಅವನ ಮಾತು ಸರಿಯೇ ಇತ್ತು. ಆದರೆ ಅವಳಿಗೆ ಈಗ ಇನ್ನೊಂದು ಯೋಚನೆ ಶುರುವಾಗಿತ್ತು. ಓಹಾಯೊದಲ್ಲೋ ಅಲಬಾಮದಲ್ಲೋ ಪ್ರಮೀಳಾಳಂಥ ಹೆಂಗಸು ಒಬ್ಬಳಾದರೂ ಇರುತ್ತಾಳೆ. ಅವಳ ಜಾಗದಲ್ಲಿ ಕೂತು, ಅವಳ ಪರವಾಗಿಯೂ ವಿರುದ್ಧವಾಗಿಯೂ ತಾನು ಸಾಕ್ಷಿ ಹೇಳಿಬಿಟ್ಟಿದ್ದಾಳೆ. ಮೂರು ವರ್ಷದಲ್ಲಿ ಅಂಥ ಎಷ್ಟು ಜನರ ಬಾಯಿಗೆ ತನ್ನ ಮಾತು ತುರುಕಿದ್ದಾಳೋ ಅವಳಿಗೇ ನೆನಪಿರಲಿಲ್ಲ. ಚನ್ನೇಶನಿಗೆ ಎಲ್ಲವನ್ನೂ ಹೇಳಿದಳು. ಅವನು ಬೈಯಲಿಲ್ಲ. "ಡೇಟಾ ಎಂಟ್ರಿ ಅಂದಿದ್ಯಲ್ಲ" ಎಂದು ಮಾತ್ರ ಹೇಳಿ ಎದ್ದು ಹೋದ.

ಅವಳು ಸಮೀಕ್ಷೆಯ ಕಂಪನಿಗೆ ತನ್ನ ನಿಜವಾದ ಹೆಸರಿನಲ್ಲಿ ಪತ್ರ ಬರೆದಳು. ಡೊರೊತಿ, ಮಾರ್ಸಿ ಇಬ್ಬರೂ ಇಲ್ಲ, ಬರೆದವಳು ನಾನು, ಆ ಉತ್ತರಗಳನ್ನು ಅಳಿಸಿ ಎಂದು ಕೇಳಿಕೊಂಡಳು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂಬ ಸಿದ್ಧ ಉತ್ತರ ಬಂತು. ಮೂರು ವಾರದ ನಂತರ ರಾಜಕುಮಾರನ ಸಮೀಕ್ಷೆಯ ಖಾತೆಗಳೆಲ್ಲ ಒಂದೇ ದಿನ ಬಂದ್ ಆದವು, ಮಹಡಿಗೆ ಬೀಗ ಬಿತ್ತು.

ಉಳಿದ ಹೆಂಗಸರಿಗೆ ಕಾರಣ ಗೊತ್ತಿರಲಿಲ್ಲ. ವಾಣಿಶ್ರೀ ತಾನೇ ಹೋಗಿ, ಪತ್ರ ಬರೆದದ್ದು ನಾನು ಎಂದಳು. ಅವರಲ್ಲಿ ಹನುಮಮ್ಮ ಎಂಬಾಕೆ ಗಂಡನಿಲ್ಲದವಳು, ಆ ಕೆಲಸದ ಮೇಲೆಯೇ ಮಗಳನ್ನು ಓದಿಸುತ್ತಿದ್ದಳು. "ನಿನ್ನ ಮನಸ್ಸು ಹಗುರ ಮಾಡ್ಕಳಾಕೆ ನಮ್ಮ ಅನ್ನ ತೆಗದ್ಯಲ್ಲವಾ. ಒಂದ್ ಮಾತು ಕೇಳಿದ್ಯಾ ನಮ್ಮನ್ನ?" ಎಂದಳು. ಈ ಸಲವೂ ವಾಣಿಶ್ರೀ ಯಾರನ್ನೂ ಕೇಳಿರಲಿಲ್ಲ.

ಈಗ ಅವಳು ತಾಲ್ಲೂಕು ಕಚೇರಿಯ ಎದುರು ಜನರಿಗೆ ಅರ್ಜಿ ತುಂಬಿಕೊಡುವ ಅಂಗಡಿಯಲ್ಲಿದ್ದಾಳೆ. ಪಹಣಿ ತಿದ್ದುಪಡಿ, ಪಿಂಚಣಿ, ಜಾತಿ ಪ್ರಮಾಣಪತ್ರ. ಒಂದೊಂದು ಸಾಲು ತುಂಬಿದ ಮೇಲೂ ಎದುರಿನವರಿಗೆ ಓದಿ ಹೇಳುತ್ತಾಳೆ, "ಹಿಂಗೆ ಬರೆದೀನಿ, ಸರಿ ಐತೇನ್ರಿ?" ಹಿಂದೆ ಸಾಲು ನಿಂತವರು ಗೊಣಗುತ್ತಾರೆ. ಆರು ತಿಂಗಳ ಮೇಲೆ ಹನುಮಮ್ಮನಿಗೂ ಅಲ್ಲಿಯೇ ಕೆಲಸ ಕೊಡಿಸಿದಳು. ಹನುಮಮ್ಮ ಸೇರಿದಳು, ಅಗತ್ಯಕ್ಕಿಂತ ಹೆಚ್ಚು ಮಾತಾಡುವುದಿಲ್ಲ.

ಪ್ರಮೀಳಾ ವಾಣಿಶ್ರೀಯನ್ನು ಬಿಟ್ಟಿಲ್ಲ. ಹಬ್ಬಕ್ಕೆ ಕರೆಯುತ್ತಾಳೆ, ಬಂದರೆ ಊಟಕ್ಕೆ ಬಡಿಸುತ್ತಾಳೆ, ಕುಪ್ಪಸ ಹೊಲಿದುಕೊಡುತ್ತಾಳೆ. ಕಳೆದ ಚಳಿಗಾಲದಲ್ಲಿ ಪ್ರಮೀಳಾಳಿಗೆ ಶಿವಮೊಗ್ಗದಲ್ಲಿ ಒಂದು ಆಪರೇಷನ್ ಆಯಿತು. ಜೊತೆಗೆ ತೃಪ್ತಿ ಹೋಗಿದ್ದಳು. ವಾಣಿಶ್ರೀಗೆ ಅದು ತಿಳಿದದ್ದು ಹದಿನೈದು ದಿನದ ಮೇಲೆ, ದೊಡ್ಡಮ್ಮ ಬೇರೆ ಏನೋ ಮಾತಿನ ನಡುವೆ ಹೇಳಿದಾಗ. ಅವಳು ಫೋನು ಮಾಡಿ, "ಹೆಂಗಿದೀಯ ಅಕ್ಕಾ?" ಎಂದಳು. "ಆರಾಮಿದೀನಿ" ಎಂದಳು ಪ್ರಮೀಳಾ. ಏನಾಗಿತ್ತು ಎಂದು ವಾಣಿಶ್ರೀ ಕೇಳಲಿಲ್ಲ, ಅವಳೂ ಹೇಳಲಿಲ್ಲ.