ಹಾವಗೆಪ್ಪನ ಸೋರೆಬುರುಡೆ

ಎಕಂಬಾದ ಹಾವಗೆಪ್ಪನು ಊರ ಬಾವಿಯಲ್ಲಿ ಹುಡುಗರಿಗೆಲ್ಲ ಈಜು ಕಲಿಸಿದವನು. ಸಮುದ್ರವನ್ನು ಮಾತ್ರ ಕಂಡಿರಲಿಲ್ಲ. ಅವನ ಗೆಳೆಯ ವೈಜಿನಾಥನು ರಜಾಕಾರರ ಗದ್ದಲದಲ್ಲಿ ಮುಂಬಯಿಗೆ ಓಡಿಹೋಗಿದ್ದನು. ಪೊಲೀಸ್ ಆಕ್ಷನ್ ಮುಗಿದು ಊರಿಗೆ ಮರಳಿದ ಮೇಲೂ ಬೇಸಿಗೆಗೊಮ್ಮೆ ದೋಣಿಯಲ್ಲಿ ವಿಹರಿಸಲೆಂದೇ ಅಲ್ಲಿಗೆ ಹೋಗಿಬರುತ್ತಿದ್ದನು. ಅವನು ಅಲೆಗಳ ಕಥೆ ತೆಗೆದರೆ ಹಾವಗೆಪ್ಪನ ಹೊಟ್ಟೆ ಉರಿಯುತ್ತಿತ್ತು.

“ಸಮುದ್ರದಾಗ ಈಸಿದಿ ಏನು?” ಎಂದು ಒಮ್ಮೆ ಚುಚ್ಚಿದನು.

“ಈಸಲಾಕ ಬರಂಗಿಲ್ಲಪಾ, ನೀನೇ ಕಲಸು,” ಎಂದನು ವೈಜಿನಾಥ.

ಹಾವಗೆಪ್ಪನು ಅವನ ಬೆನ್ನಿಗೆ, ತೇಲಲೆಂದು, ಒಣ ಸೋರೆಬುರುಡೆ ಕಟ್ಟಿದನು. ಹುಡುಗರಿಗೆ ಎಂಟು ದಿನಕ್ಕೆ ಬಿಚ್ಚುವ ಬುರುಡೆಯನ್ನು ಇವನಿಗೆ ತಿಂಗಳಾದರೂ ಬಿಚ್ಚಲಿಲ್ಲ.

“ಯಾಕ ಬಿಚ್ಚಿಲ್ಲೋ?” ಎಂದು ಊರ ಶಾಲೆಯ ಮಾಸ್ತರನಾದ ನಾನು ಹಾವಗೆಪ್ಪನನ್ನು ಕೇಳಿದೆನು.

“ಬಿಚ್ಚಿದ್ರ ಸಮುದ್ರದಾಗ ಈಸಿ ಬರ್ತಾನ್ರಿ, ಮಾಸ್ತರ. ನಾ ಬಾವ್ಯಾಗೇ ಇರ್ತೇನಿ.”

ವೈಜಿನಾಥನು ಬುರುಡೆಯನ್ನೂ ಕಟ್ಟಿಕೊಂಡು ಮುಂಬಯಿಗೆ ಹೊರಟನು. ಆ ದಿನ ಹಾವಗೆಪ್ಪನು ಬುರುಡೆಯ ಮೇಲೂ ಹೊಟ್ಟೆಕಿಚ್ಚುಪಟ್ಟನು.